ಕಸುಬಿನವರ ಮಾತು ನಮಗೇಕೆ ತಿಳಿಯಲ್ಲ?

ಭಾಷೆಯ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ: "ನಾವಿಕರು, ಪೈಲಟ್‌ಗಳು, ಡಾಕ್ಟರುಗಳು ನಮಗೆ ಅರ್ಥವಾಗದ ಪದಗಳನ್ನೇ ಯಾಕೆ ಬಳಸ್ತಾರೆ? ನೆಟ್ಟಗೆ ಹೇಳಿದ್ರೆ ಏನಾಗುತ್ತೆ?"

ನೆಟ್ಟಗೆ ಹೇಳಿದರೆ ಕೆಲವು ಸಲ ಹಡಗು ಬಂಡೆಗೆ ಬಡಿಯುತ್ತದೆ! ಎಡ, ಬಲ ಅನ್ನುವುದು ನೀವು ಯಾವ ಕಡೆ ಮುಖ ಮಾಡಿದ್ದೀರಿ ಅನ್ನುವುದರ ಮೇಲೆ ಬದಲಾಗುತ್ತದೆ. ಹಡಗಿನ ಮುಂಭಾಗಕ್ಕೆ ಮುಖ ಮಾಡಿ ನಿಂತಾಗಿನ ಎಡಬದಿ 'ಪೋರ್ಟ್', ಬಲಬದಿ 'ಸ್ಟಾರ್‌ಬೋರ್ಡ್'; ಇವು ಬದಲಾಗುವುದಿಲ್ಲ. ಮೊದಲು ಇಂಗ್ಲಿಷ್ ನಾವಿಕರು ಎಡಬದಿಗೆ 'ಲಾರ್‌ಬೋರ್ಡ್' ಅನ್ನುತ್ತಿದ್ದರು. ಕೂಗಿ ಹೇಳುವಾಗ 'ಲಾರ್‌ಬೋರ್ಡ್', 'ಸ್ಟಾರ್‌ಬೋರ್ಡ್' ಎರಡೂ ಒಂದೇ ಥರ ಕೇಳುತ್ತದೆ, ಅಲ್ವಾ? 1844ರಲ್ಲಿ ಬ್ರಿಟಿಷ್ ನೌಕಾಪಡೆ ಆ ಪದವನ್ನೇ ಬಿಟ್ಟು 'ಪೋರ್ಟ್' ಹಿಡಿಯಿತು.

ವಿಮಾನದವರ ಪಾಠ ಇನ್ನೂ ಘೋರ. 1977ರಲ್ಲಿ ಸ್ಪೇನಿನ ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಮಂಜು, ಅವಸರ, ಕಾರಣಗಳು ಹಲವು. ಅದರಲ್ಲಿ ಒಂದು 'ಟೇಕಾಫ್' ಅನ್ನುವ ಮಾತು. ಒಂದು ವಿಮಾನ ಆಗಲೇ ಓಡಲು ಶುರುಮಾಡಿತ್ತು. ಅದರ ಸಹಪೈಲಟ್ "ನಾವೀಗ ಟೇಕಾಫ್‌ನಲ್ಲಿದ್ದೇವೆ" ಅನ್ನುವಂತೆ ಹೇಳಿದ್ದು ಕೇಳಿ, ಅದು ಇನ್ನೂ ಟೇಕಾಫ್ ಜಾಗದಲ್ಲಿ ನಿಂತಿದೆ ಅಂದುಕೊಂಡರು ವಿಮಾನಗಳಿಗೆ ಅನುಮತಿ ಕೊಡುವ ಟವರಿನವರು. ಈಗ ಟೇಕಾಫ್‌ಗೆ ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ಆ ಪದ ಬರುತ್ತದೆ. ಉಳಿದ ಕಡೆ 'ಡಿಪಾರ್ಚರ್'.

ಮುಚ್ಚಿಡಲೆಂದೇ ಹುಟ್ಟಿದ ಮಾತುಗಳೂ ಇವೆ. ನನಗೆ ಇವೇ ಜಾಸ್ತಿ ಇಷ್ಟ. 19ನೇ ಶತಮಾನದ ಪ್ಯಾರಿಸ್ಸಿನ ಕಟುಕರದು 'ಲೂಶೆಬೆಮ್'. ಪದದ ಮೊದಲ ಅಕ್ಷರದ ಸದ್ದನ್ನು ಕಿತ್ತು ಕೊನೆಗೆ ಹಾಕು, ಖಾಲಿ ಜಾಗಕ್ಕೆ 'ಲ' ಸೇರಿಸು, ಆಮೇಲೊಂದು ಬಾಲ ಅಂಟಿಸು. ಕಟುಕ ಅನ್ನುವ 'ಬೂಶೆ' ಹೀಗೇ 'ಲೂಶೆಬೆಮ್' ಆಯಿತು. ಗಿರಾಕಿ ಎದುರಿಗೇ ಇದ್ದರೂ ಒಳಮಾತು ನಡೆಸಬಹುದು!

ಗುಟ್ಟು ಬಯಲಾದರೆ? ಪದವನ್ನು ಮತ್ತೆ ತಿರುಚುತ್ತಾರೆ. ಪದಗಳನ್ನು ಹಿಂದುಮುಂದು ಮಾಡುವ ಫ್ರೆಂಚ್ ಹುಡುಗರ 'ವೆರ್ಲಾನ್'ನಲ್ಲಿ 'ಅರಬ್' ತಿರುಗಿ 'ಬರ್' ಆಯಿತು. ಅದನ್ನು ಪತ್ರಿಕೆಯವರೂ ಬಳಸತೊಡಗಿದರು, ನಿಘಂಟಿಗೂ ಹೋಯಿತು. ಹುಡುಗರು ಅದನ್ನೇ ಇನ್ನೊಮ್ಮೆ ತಿರುಗಿಸಿ 'ರಬೆ' ಮಾಡಿಕೊಂಡರು.

ಆಫೀಸಿನ ಮೀಟಿಂಗ್‌ಗಳಲ್ಲಿ ಕೇಳುವ 'ಸಿನರ್ಜಿ'ಯಂಥದ್ದು (ಕೂಡಿ ಕೆಲಸ ಮಾಡುವುದು ಅಂದರಾಯ್ತು) ಅಪಾಯ ತಪ್ಪಿಸುವ ಮಾತು, ಗುಟ್ಟಿನ ಮಾತು ಈ ಎರಡಕ್ಕೂ ಸೇರುವುದಿಲ್ಲ. ಅದು ಸುಮ್ನೆ ಜಂಬ.

ಡಾಕ್ಟರುಗಳ ವಿಷಯ ನಡುವೆ ಎಲ್ಲೋ ಬರುತ್ತದೆ. ಆಪರೇಷನ್ ಕೋಣೆಯಲ್ಲಿ ಅವರು ತಮ್ಮ ಪದಗಳಲ್ಲೇ ಮಾತಾಡಲಿ, ಅಲ್ಲಿ ವಿವರಿಸುತ್ತಾ ಕೂರಲು ಪುರುಸೊತ್ತಿಲ್ಲ. ಆದರೆ ರೋಗಿಯ ಹತ್ತಿರ ಅದೇ ಮಾತು ತಂದರೆ, ನಾಚಿಕೊಳ್ಳದೆ "ಹಾಗಂದ್ರೇನು ಡಾಕ್ಟ್ರೇ?" ಅಂತ ಕೇಳಿಬಿಡಿ.