ಟೊಮೆಟೊ ಪಿಕಪ್‌ಗೆ ಬೇರೆ ಟೆಂಪರೇಚರ್ ಮೀಟರ್

ಕೋಲಾರ ಎಪಿಎಂಸಿಯಿಂದ ಟೊಮೆಟೊ ಲೋಡ್ ಹೊತ್ತು ಚೆನ್ನೈ ಕಡೆ ಓಡುವ ಪಿಕಪ್‌ಗೆ ಡಿಗ್ರಿ ತೋರಿಸುವ ಮೀಟರ್ ಬೇಕೇ ಬೇಕು. ಎಂಜಿನ್ ಕಾದು ಕುದಿದ ಮೇಲೆ ಡ್ಯಾಶ್‌ಬೋರ್ಡ್‌ನ ಎಚ್ಚರಿಕೆ ಲೈಟ್ ಹತ್ತಿದರೆ ಏನು ಪ್ರಯೋಜನ?

ಎಂಜಿನ್ ಪೂರ್ತಿ ತಣ್ಣಗಾಗಲಿ. ಒಂದೆರಡು ಲೀಟರ್ ಕೂಲೆಂಟ್ ಇಳಿಸಿ, ರೇಡಿಯೇಟರ್‌ನ ಮೇಲಿನ ಹೋಸ್ ಕತ್ತರಿಸಿ, ಅದರ ಒಳಅಳತೆಯ ಅಡಾಪ್ಟರ್ (ಸೆನ್ಸರ್ ಕೂರುವ ಲೋಹದ ತುಂಡು ಪೈಪ್) ಕೂರಿಸಿ ಕ್ಲಿಪ್ ಬಿಗಿ ಮಾಡಿ. ಅದಕ್ಕೆ 1/8 ಎನ್‌ಪಿಟಿ (ಪೈಪ್ ಥ್ರೆಡ್‌ನ ಒಂದು ಅಳತೆ) ಸೆನ್ಸರ್.

ಕೆಲಸ ಕೆಡುವುದು ಅರ್ತಿಂಗ್‌ನಲ್ಲಿ. ಒಂಟಿ ವೈರಿನ ಸೆನ್ಸರ್‌ಗೆ ಅದರ ಮೈಯೇ ಅರ್ತ್. ಅಡಾಪ್ಟರ್ ಕೂತಿರುವುದು ರಬ್ಬರ್ ನಡುವೆ. ಅರ್ತ್ ಎಲ್ಲಿಂದ ಬರಬೇಕು? ನೀರು ಕುದಿಯುತ್ತಿದ್ದರೂ ಮುಳ್ಳು ಕೆಳಗೇ ಮಲಗಿರುತ್ತೆ. ಅಡಾಪ್ಟರ್‌ನಿಂದ ಎಂಜಿನ್ ಬ್ಲಾಕಿಗೆ ಬೇರೆ ವೈರ್ ಎಳೆಯಿರಿ, ತುಕ್ಕು ಕೆರೆದು ಬೋಲ್ಟ್ ಹಾಕಿ. ಸೆನ್ಸರ್‌ನ ಥ್ರೆಡ್‌ಗೆ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿದರೂ ಇದೇ ಗತಿ.

ಮೀಟರ್‌ಗೆ ಕರೆಂಟ್ ಕೀ ಆನ್ ಲೈನಿನಿಂದ, ಫ್ಯೂಸ್ ಹಾಕಿಯೇ. ಕೂಲೆಂಟ್ ತುಂಬಿ ಗಾಳಿ ಪೂರ್ತಿ ತೆಗೆಯಿರಿ. ಸೆನ್ಸರ್ ಬಳಿ ಗಾಳಿ ನಿಂತರೆ ರೀಡಿಂಗ್ ಸುಳ್ಳು.