ಜಿಂಗ್‌ಜಿಂಗ್‌ಬಾರ್‌ನಿಂದ ಹಿಂದಕ್ಕೆ ಇಳಿದ ದಿನ

ಮನಾಲಿಯಿಂದ ಲೇಹ್‌ವರೆಗಿನ ಸುಮಾರು 475 ಕಿಲೋಮೀಟರ್ ದಾರಿಯನ್ನು ನಾವು ನಾಲ್ವರು ಗೆಳೆಯರು ಸೆಪ್ಟೆಂಬರ್ ತಿಂಗಳಲ್ಲಿ ಸೈಕಲ್ ತುಳಿದು, ಹೆಚ್ಚಿನ ರಾತ್ರಿಗಳನ್ನು ಟೆಂಟಿನಲ್ಲೇ ಕಳೆದು ಮುಗಿಸಿದೆವು. ಹೊರಡುವ ಮುನ್ನ ವಾರಗಟ್ಟಲೆ ಕುಳಿತು, ಯಾವ ದಿನ ಎಷ್ಟು ಕಿಲೋಮೀಟರ್ ಎಂದು ಪಟ್ಟಿ ಮಾಡಿಕೊಂಡಿದ್ದೆವು. ಆ ಪಟ್ಟಿಯಲ್ಲಿ ದೂರವಿತ್ತು, ಏರಿಳಿತವಿತ್ತು, ನೀರು ಸಿಗುವ ಜಾಗಗಳಿದ್ದವು. ಪ್ರತಿ ರಾತ್ರಿ ಮಲಗುವ ಸ್ಥಳದ ಎತ್ತರಕ್ಕೆ ಮಾತ್ರ ಒಂದು ಕಾಲಂ ಇರಲಿಲ್ಲ. ಈ ದಾರಿಗೆ ಹೊರಡುವ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಆ ಕಾಲಂನ ವಿಷಯವನ್ನೇ.

ಮೊದಲ ದಿನಗಳು ಚೆನ್ನಾಗಿಯೇ ಸಾಗಿದವು. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಬಹುಪಾಲು ಲಾರಿಗಳು ಅದರೊಳಗೇ ಹೋಗುವುದರಿಂದ, 3,978 ಮೀಟರ್ ಎತ್ತರದ ರೋಹ್ತಂಗ್ ದಾಟುವ ಹಳೆಯ ರಸ್ತೆ ಸೈಕಲ್ಲಿನವರ ಪಾಲಿಗೆ ಈಗ ಎಷ್ಟೋ ನೆಮ್ಮದಿಯದಾಗಿದೆ. ತಾಂಡಿಯಲ್ಲಿ ಚಂದ್ರಾ ಮತ್ತು ಭಾಗಾ ನದಿಗಳು ಕೂಡುವುದನ್ನು ನೋಡಿಕೊಂಡು, ಭಾಗಾ ನದಿಯ ದಂಡೆಯಲ್ಲೇ ಮೇಲೇರುತ್ತ ಕೇಲಾಂಗ್ ದಾಟಿ ಜಿಸ್ಪಾ ತಲುಪಿದೆವು. ಅಲ್ಲಿಯವರೆಗೆ ನಾವು ಮಲಗಿದ ಜಾಗಗಳೆಲ್ಲ 3,000 ಮೀಟರಿನ ಆಸುಪಾಸಿನಲ್ಲಿದ್ದವು. ಮರುದಿನ ಒಂದೇ ಏಟಿಗೆ 4,200 ಮೀಟರಿಗೂ ಮೇಲಿರುವ ಜಿಂಗ್‌ಜಿಂಗ್‌ಬಾರ್‌ಗೆ ಹತ್ತಿಬಿಟ್ಟೆವು. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ ಮಲಗುವ ಎತ್ತರವನ್ನು 500 ಮೀಟರಿಗಿಂತ ಹೆಚ್ಚಿಸಬಾರದೆಂದು ಪರ್ವತ ವೈದ್ಯರು ಹೇಳುತ್ತಾರೆ. ನಾವು ಅದರ ಎರಡು ಪಟ್ಟು ಏರಿದ್ದೆವು.

ಆ ಸಂಜೆ ಗಾಳಿಗೆ ಬೆನ್ನಾಗುವಂತೆ ಟೆಂಟ್ ನಿಲ್ಲಿಸಿ, ಬಂಡೆಯ ಮರೆಯಲ್ಲಿ ಒಲೆ ಹಚ್ಚಿ ಕಿಚಡಿಗೆ ಇಟ್ಟೆವು. ಆ ಎತ್ತರದಲ್ಲಿ ನೀರು 86 ಡಿಗ್ರಿಯ ಹತ್ತಿರವೇ ಕುದಿಯುವುದರಿಂದ, ಎಷ್ಟು ಹೊತ್ತು ಉರಿ ಕೊಟ್ಟರೂ ಬೇಳೆ ಹಲ್ಲಿಗೆ ಗಟ್ಟಿಯಾಗಿಯೇ ಉಳಿಯಿತು. ಆದರೂ ಮೂವರು ಉಂಡೆವು. ನಾಲ್ಕನೆಯವನು ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಕೈಗವಸನ್ನೂ ತೆಗೆಯದೆ ಸುಮ್ಮನೆ ಕುಳಿತಿದ್ದ. ನಮ್ಮ ನಾಲ್ವರಲ್ಲಿ ಏರಿನಲ್ಲಿ ಎಲ್ಲರಿಗಿಂತ ಗಟ್ಟಿಗ ಅವನು. ದಿನವಿಡೀ ಮುಂದೆ ಹೋಗಿ ತಿರುವಿನಲ್ಲಿ ನಮಗಾಗಿ ಕಾಯುತ್ತಿದ್ದವನು. ತಲೆ ಸಿಡಿಯುತ್ತಿದೆ, ಅನ್ನದ ವಾಸನೆಗೇ ಹೊಟ್ಟೆ ತೊಳಸುತ್ತಿದೆ ಎಂದು ಕೇಳಿದ ಮೇಲಷ್ಟೇ ಒಪ್ಪಿಕೊಂಡ. "ನಿದ್ದೆ ಮಾಡಿದರೆ ಸರಿಹೋಗುತ್ತದೆ, ನಾಳೆ ನೋಡೋಣ ಬಿಡು" ಎಂದ.

ಹಿಮ್ಮಡಿಗೆ ಹೆಬ್ಬೆರಳು ತಾಗುವಂತೆ ಹೆಜ್ಜೆಯಿಟ್ಟು ನೇರ ಗೆರೆಯಲ್ಲಿ ನಡೆಯಲು ಅವನಿಗೆ ಹೇಳಿದೆವು. ಟಾರ್ಚಿನ ಬೆಳಕಿನಲ್ಲಿ ತೂರಾಡದೆ ನಡೆದ. ತೂರಾಡಿದ್ದರೆ ಮಿದುಳಿಗೆ ಬಾವು ಬರುತ್ತಿದೆಯೆಂದು ತಿಳಿದು ಆ ಕತ್ತಲಲ್ಲೇ ಯಾವುದಾದರೂ ಲಾರಿ ನಿಲ್ಲಿಸಿ ಕೆಳಗಿಳಿಸಬೇಕಾಗುತ್ತಿತ್ತು. ನಾನು ಅವನ ಟೆಂಟಿನಲ್ಲೇ ಮಲಗಿ, ಎರಡೆರಡು ಗಂಟೆಗೊಮ್ಮೆ ಎಬ್ಬಿಸಿ ಮಾತನಾಡಿಸುತ್ತಿದ್ದೆ. ಬೆಳಗ್ಗೆಯೂ ತಲೆನೋವು ಹೋಗಿರಲಿಲ್ಲ.

ಮುಂದೆ ಸುಮಾರು 4,890 ಮೀಟರಿನ ಬಾರಾಲಾಚಾ ಲಾ (ಲಾ ಎಂದರೆ ಪರ್ವತ ದಾಟುವ ಕಣಿವೆದಾರಿ). ಅದನ್ನು ದಾಟಿದರೆ ಸರ್ಚು, ಮಲಗಲು ಬಯಲಿದೆ, ಡಾಬಾಗಳಿವೆ ಎಂಬುದು ನಿಜ. ಆದರೆ 4,300 ಮೀಟರಿನ ಹತ್ತಿರವಿರುವ ಸರ್ಚುವಿನಿಂದ ಯಾವ ಕಡೆಗೂ ಇಳಿದು ಪಾರಾಗುವಂತಿಲ್ಲ: ಹಿಂದೆ ಬಾರಾಲಾಚಾ, ಮುಂದೆ ನಕೀ ಲಾ ಮತ್ತು 5,000 ಮೀಟರಿಗೂ ಮೇಲಿರುವ ಲಾಚುಂಗ್ ಲಾ. ಎತ್ತರಕ್ಕೆ ದೇಹ ಒಗ್ಗದೆ ಬರುವ ಈ ಕಾಯಿಲೆಗೆ ಇಳಿಯುವುದೇ ಮೊದಲ ಚಿಕಿತ್ಸೆಯಾಗಿರುವಾಗ, ಇಳಿಯಲು ಮೊದಲು ಇನ್ನೂ ಏರಬೇಕಾದ ಜಾಗಕ್ಕೆ ಕಾಯಿಲೆಯವನನ್ನು ಕರೆದೊಯ್ಯುವುದು ಸರಿಯಲ್ಲ. ಇಬ್ಬರು ಮುಂದೆ ಹೋಗಿ, ಇಬ್ಬರು ಆಮೇಲೆ ಬರಲಿ ಎಂದು ಅವನೇ ಸೂಚಿಸಿದ. ಯಾರೂ ಒಪ್ಪಲಿಲ್ಲ. ನಾಲ್ವರೂ ಬ್ಯಾಗುಗಳನ್ನು ಕಟ್ಟಿ, ಅವನ ಬ್ಯಾಗಿನ ಭಾರವನ್ನು ಮೂವರಿಗೂ ಹಂಚಿಕೊಂಡು, ಹಿಂದಿನ ದಿನ ಏದುಸಿರು ಬಿಟ್ಟು ಹತ್ತಿದ ರಸ್ತೆಯನ್ನೇ ಬ್ರೇಕ್ ಹಿಡಿದುಕೊಂಡು ಜಿಸ್ಪಾವರೆಗೆ ಇಳಿದೆವು. ಮಧ್ಯಾಹ್ನದ ಹೊತ್ತಿಗೆ ಅವನು ಹಸಿವಾಗುತ್ತಿದೆ ಎಂದ. ಆ ಮಾತು ಕೇಳಿ ನನಗೆ ಕಣ್ಣು ತುಂಬಿಬಂತು.

ಅಲ್ಲಿ ಒಂದು ದಿನ ವಿಶ್ರಾಂತಿ ಪಡೆದು, ಎರಡನೆಯ ಸಲ ಏರುವಾಗ ನಡುವೆ ಪಟ್ಸಿಯೋದಲ್ಲಿ ಒಂದು ರಾತ್ರಿ ತಂಗಿದೆವು. ಇದರಿಂದ ಇನ್ನೊಂದು ಅನುಕೂಲವೂ ಆಯಿತು. ಬಿಸಿಲೇರಿದಂತೆ ಹಿಮ ಕರಗಿ ರಸ್ತೆಗೆ ಅಡ್ಡ ಹರಿಯುವ ನಾಲೆಗಳು ಮಧ್ಯಾಹ್ನ ಮೊಣಕಾಲು ಮುಟ್ಟುತ್ತವೆ. ಹತ್ತಿರದಿಂದ ಹೊರಟ ನಾವು ಅವನ್ನು ಬೆಳಗಿನ ಚಳಿಯಲ್ಲೇ, ಪಾದ ನೆನೆಯುವಷ್ಟು ನೀರಿರುವಾಗ ದಾಟಿದೆವು.

ಸರ್ಚುವಿನ ರಾತ್ರಿ ಶೂನ್ಯಕ್ಕಿಂತ ಕೆಳಗಿಳಿಯಿತು. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಬಾಟಲಿಗಳನ್ನು ತಲೆಕೆಳಗಾಗಿ ಇಟ್ಟು ಮಲಗಿದೆವು. ಬೆಳಗ್ಗೆ ತಿರುಗಿಸಿದಾಗ ಮಂಜುಗಡ್ಡೆ ತಳದಲ್ಲಿ ಉಳಿದು, ಬಾಯಿಯಿಂದ ನೀರು ಬಂತು. ನೀರು ಶೋಧಿಸುವ ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ನಂಬುವಂತಿಲ್ಲವಾದ್ದರಿಂದ ಅದು ಪ್ರತಿ ರಾತ್ರಿ ಯಾರಾದರೊಬ್ಬರ ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗುತ್ತಿತ್ತು. ಗಟಾ ಲೂಪ್ಸ್‌ನ 21 ತಿರುವುಗಳನ್ನು ನಡಿಗೆಯ ವೇಗದಲ್ಲಿ ಹತ್ತಿದೆವು. ಅಲ್ಲೊಂದು ಪುಟ್ಟ ಗುಡಿಯ ಮುಂದೆ ನೀರಿನ ಬಾಟಲಿಗಳ ರಾಶಿ ಇದೆ. ಹಿಮದಲ್ಲಿ ಸಿಕ್ಕಿ, ನೀರಿಲ್ಲದೆ ಸತ್ತನೆಂದು ಹೇಳುವ ಲಾರಿ ಕ್ಲೀನರ್ ಒಬ್ಬನಿಗಾಗಿ ದಾರಿಹೋಕರು ಇಟ್ಟು ಹೋಗುವ ನೀರು ಅದು. ನಾವೂ ಒಂದು ಬಾಟಲಿ ಇಟ್ಟೆವು. ಪಾಂಗ್ ದಾಟಿದ ಮೇಲಿನ ಮೋರೆ ಬಯಲಿನಲ್ಲಿ ಎದುರುಗಾಳಿ ಬೀಸಿದಾಗ ಒಬ್ಬರ ಹಿಂದೊಬ್ಬರು ಸಾಲಾಗಿ, ಸರದಿಯ ಮೇಲೆ ಮುಂದಾಳಾಗುತ್ತ ಸಾಗಿದೆವು.

ಕೊನೆಯ ದೊಡ್ಡ ಏರಾದ ತಂಗ್ಲಂಗ್ ಲಾ 5,300 ಮೀಟರಿಗೂ ಮೇಲಿದೆ. ಅಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟೇ. ಕಾಯಿಲೆ ಬಿದ್ದಿದ್ದ ಆ ಗೆಳೆಯ ಈ ಸಲ ಎಲ್ಲರಿಗಿಂತ ಹಿಂದೆ, ತನ್ನ ಲಯದಲ್ಲಿ ತುಳಿಯುತ್ತ ಬಂದ. ಕಣಿವೆಗಿಳಿದು, ಎಷ್ಟೋ ದಿನಗಳ ಮೇಲೆ ಮೊದಲ ಹಸಿರು ಹೊಲ ಕಂಡ ರುಮ್‌ತ್ಸೆಯಲ್ಲಿ ಒಂದು ಮನೆಯವರು ನಮಗೆ ಊಟ ಬಡಿಸಿದರು. ಕುಕ್ಕರಿನಲ್ಲಿ ಬೇಯಿಸಿದ ಆ ಬೇಳೆ ಬೆಣ್ಣೆಯಂತೆ ಬೆಂದಿತ್ತು. ಅವನು ಮೂರು ಸಲ ಬಡಿಸಿಕೊಂಡ.