ರೆಕಾರ್ಡ್ ಪುಸ್ತಕದ ಮೇಲೆ ಉಪ್ಪುನೀರು

2015ರಲ್ಲಿ ನಾನು ಈ ಕಾಲೇಜಿಗೆ ಪಿಯುಸಿ ವಿಜ್ಞಾನಕ್ಕೆ ಸೇರಿದಾಗ ಮನೆಯವರ ಲೆಕ್ಕದಲ್ಲಿ ಆಗಲೇ ಅರ್ಧ ಡಾಕ್ಟರ್ ಆಗಿದ್ದೆ. ಅಪ್ಪ ಮುಂಬೈಯ ಹೋಟೆಲಿನಿಂದ ಫೋನ್ ಮಾಡಿದರೆ ಊಟವಾಯಿತೇ ಎನ್ನುವ ಮೊದಲೇ ಟೆಸ್ಟಿನ ಅಂಕ ಕೇಳುತ್ತಿದ್ದರು. ನಮ್ಮದು ಮೀನುಗಾರ ಮೊಗವೀರರ ಮನೆ. ಅಜ್ಜಿ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿದವರು. ಆ ಬುಟ್ಟಿ ಇಳಿಸಲಿಕ್ಕೆಂದೇ ಅಪ್ಪ ಚಿಕ್ಕ ವಯಸ್ಸಿನಲ್ಲಿ ಮುಂಬೈ ಬಸ್ಸು ಹತ್ತಿದ್ದು. ಅಂಥವರ ಮಗಳು ಪುನಃ ಕಡಲಿಗೇ ಇಳಿದರೆ, ಅದೂ ಆಟಕ್ಕೆಂದು, ಯಾರಿಗೆ ಸಿಟ್ಟು ಬರುವುದಿಲ್ಲ?

ಮಂಗಳೂರಿನ ಹತ್ತಿರದ ಮೂಲ್ಕಿಗೆ ಸರ್ಫಿಂಗ್, ಅಂದರೆ ಬೋರ್ಡಿನ ಮೇಲೆ ನಿಂತು ತೆರೆಯ ಸವಾರಿ ಮಾಡುವ ಆಟ, ಬಂದದ್ದು 2004ರ ಸುಮಾರಿಗೆ, ಕೃಷ್ಣಭಕ್ತರ ಆಶ್ರಮವೊಂದು ಮಂತ್ರ ಸರ್ಫ್ ಕ್ಲಬ್ ಶುರು ಮಾಡಿದಾಗ. ಸ್ವಾಮಿಗಳು ತೆರೆಯ ಮೇಲೆ ನಿಂತು ಬರುತ್ತಾರಂತೆ ಎಂದು ಊರು ನಕ್ಕಿತು, ಆಮೇಲೆ ಊರಿನ ಹುಡುಗರೇ ಕಲಿತರು. ನನಗೆ ಕಲಿಸಿದ್ದು ದೊಡ್ಡಮ್ಮನ ಮಗ. ನಂದಿನಿ, ಶಾಂಭವಿ ನದಿಗಳೆರಡೂ ಕಡಲು ಸೇರುವ, ಮೂಲ್ಕಿ ಪಕ್ಕದ ಸಸಿಹಿತ್ಲಿನ ಅಳಿವೆಯಲ್ಲಿ ಮರಳದಿಬ್ಬಕ್ಕೆ ತಾಗಿ ತೆರೆ ಏಳುತ್ತದೆ. ಬೆಳಿಗ್ಗೆ ನೆಲದ ಕಡೆಯಿಂದ ಗಾಳಿ ಬೀಸುವಷ್ಟು ಹೊತ್ತು ತೆರೆಯ ಮೈ ನುಣುಪಾಗಿರುತ್ತದೆ. ಬಿಸಿಲೇರಿ ಪಡುಗಾಳಿ ಎದ್ದಿತೆಂದರೆ ಎಲ್ಲ ಕಲಕಿಹೋಯಿತು. ಕಾಲೇಜಿನ ಗಂಟೆಗೆ ಇಷ್ಟು ಚೆನ್ನಾಗಿ ಹೊಂದುವ ಆಟ ಬೇರೆ ಇಲ್ಲ.

ಹೊಂದದೆ ಇದ್ದದ್ದು ಮೂಗು. ಸರ್ಫಿಂಗ್ ಮಾಡಿದವರಿಗೆ ಗೊತ್ತು, ಒಳಗೆ ಸೇರಿದ ನೀರು ಗಂಟೆಗಳ ನಂತರ, ತಲೆ ಬಗ್ಗಿಸಿದಾಗ ಹೇಳದೆ ಕೇಳದೆ ಸುರಿಯುತ್ತದೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಬ್ಯುರೆಟ್ಟಿನ ಅಳತೆ ಬರೆಯಲು ಬಗ್ಗಿದೆ, ರೆಕಾರ್ಡ್ ಪುಸ್ತಕದ ಮೇಲೆ ಧಾರೆ. ಶಾಯಿ ಹರಡಿತು. ಸರ್ ಕನ್ನಡಕ ಸರಿಪಡಿಸಿಕೊಂಡು, "ಇದು ಯಾವ ದ್ರಾವಣ?" ಎಂದರು. ಅಂದಿನಿಂದ ಇಡೀ ತರಗತಿಗೆ ನನ್ನ ಗುಟ್ಟು ಗೊತ್ತಾಯಿತು.

ಮನೆಗೂ ಗೊತ್ತಾಯಿತು. ಹುಡುಗಿ ಕಪ್ಪಾಗುತ್ತಾಳೆ ಎಂಬುದು ಅಮ್ಮನ ತಕರಾರು. ಅದಕ್ಕೆ ನಾನು ಕಿವಿಗೊಡಲಿಲ್ಲ. "ಕಡಲು ಹೊಟ್ಟೆಪಾಡಿಗೆ, ಆಟಕ್ಕಲ್ಲ" ಎಂದ ಅಜ್ಜಿಗೆ ಮಾತ್ರ ಉತ್ತರ ಹೊಳೆಯಲಿಲ್ಲ. ದೋಣಿ ಹೋದ ಮೇಲೆ ದಡದಲ್ಲಿ ಕಾದವರು ಅವರು. ಕೊನೆಗೆ ಪಂಚಾಯಿತಿ ಸೋದರಮಾವನ ಬಳಿಗೆ ಹೋಯಿತು. ನಮ್ಮಲ್ಲಿ ಮಾವನ ಮಾತಿಗೆ ತೂಕ ಹೆಚ್ಚು. ಅವರು ಬೈಯಲಿಲ್ಲ. ಅಳಿವೆಗೆ ಕರೆದುಕೊಂಡು ಹೋಗಿ, "ಸೆಳೆತ ಎಲ್ಲಿದೆ, ತೋರಿಸು" ಎಂದರು. ತೆರೆ ಒಡೆಯದೆ ನೀರು ಮಂಕಾಗಿ ಹೊರಗೆ ಸಾಗುತ್ತಿದ್ದ ಪಟ್ಟಿಯನ್ನು ತೋರಿಸಿದೆ. ಸಿಕ್ಕಿಬಿದ್ದರೆ? ಎದುರಿಗೆ ಈಜಬಾರದು, ಅಡ್ಡಕ್ಕೆ ಈಜಬೇಕು ಎಂದೆ. ಮಾವ ಅಲ್ಲಿಂದಲೇ ಮುಂಬೈಗೆ ಫೋನ್ ಮಾಡಿ, "ಭಾವ, ಇವಳಿಗೆ ನೀರು ಗೊತ್ತಿದೆ" ಎಂದಷ್ಟೇ ಹೇಳಿದರು.

2016ರ ಮೇ ತಿಂಗಳಲ್ಲಿ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ಸ್ಪರ್ಧಿಸುವ ಮಟ್ಟಕ್ಕೆ ನಾನು ಬಂದಿರಲಿಲ್ಲ. ರಜೆಗೆ ಬಂದಿದ್ದ ಅಪ್ಪನನ್ನು ನೋಡಲು ಎಳೆದುಕೊಂಡು ಹೋದೆ. ಕೊಡೆ ಹಿಡಿದು ಬಹಳ ಹೊತ್ತು ನಿಂತ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಆ ಬೋರ್ಡಿಗೆ ಎಷ್ಟಾಗುತ್ತದೆ?"

ಮೆಡಿಕಲ್ ಬೇಡ ಎಂದು ಬಾಯಿಬಿಟ್ಟು ಹೇಳಿದ್ದು ಮರುವರ್ಷ. ಅಷ್ಟು ಹೊತ್ತಿಗೆ ನನಗೆ ಅಭ್ಯಾಸವಾಗಿತ್ತು. ತೆರೆ ಬೆನ್ನಿಗೆ ಬಂದಾಗ ಏಳಬೇಕೋ ಬಿಡಬೇಕೋ ಎಂದು ಯಾರನ್ನೂ ಕೇಳಲಾಗುವುದಿಲ್ಲ, ತಪ್ಪಿದರೆ ಮರಳು ತಿನ್ನುವುದೂ ನಾವೇ. ಮಂಗಳೂರಿನ ಮೀನುಗಾರಿಕಾ ಕಾಲೇಜಿಗೆ ಸೇರಿದೆ. "ಮೀನು ಬಿಟ್ಟು ಓಡಿ ಬಂದವನ ಮಗಳು ಮೀನನ್ನೇ ಓದುತ್ತಾಳಂತೆ" ಎಂದು ಅಪ್ಪ ಹೋಟೆಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದರಂತೆ. ಬೇಸರದಿಂದಲೋ ಹೆಮ್ಮೆಯಿಂದಲೋ, ಅಮ್ಮನೂ ಬಿಡಿಸಿ ಹೇಳಿಲ್ಲ.

ಈಗಿನ ವಿದ್ಯಾರ್ಥಿನಿಯರಲ್ಲಿ ಯಾರಿಗಾದರೂ ಮನಸ್ಸಿದ್ದರೆ ಮಳೆಗಾಲ ಕಳೆದ ಮೇಲೆ ಬನ್ನಿ. ಈಜು ಬರಲೇಬೇಕು. ಬೋರ್ಡ್ ಬಾಡಿಗೆಗೆ ಸಿಗುತ್ತದೆ, ಕೊಳ್ಳಲು ಅವಸರ ಬೇಡ. ತುಂಬುತೋಳಿನ ಅಂಗಿ ಹಾಕಿಕೊಳ್ಳಿ, ಇಲ್ಲದಿದ್ದರೆ ಬೋರ್ಡಿನ ಮೇಣಕ್ಕೆ ಅಂಟಿದ ಮರಳು ಹೊಟ್ಟೆಯ ಚರ್ಮ ಕೀಳುತ್ತದೆ.